ಅಜ್ಜಿಯೇ ಅತ್ತೆಯೂ ಆದಾಗ: ಮೊಬೈಲ್ ವಂಶವೃಕ್ಷದ ಗೋಜಲು ಬಿಡಿಸುವುದು ಹೇಗೆ? ಇಲ್ಲಿದೆ ಮಾಹಿತಿ

ನವದೆಹಲಿ: ಕರೋಲ್ ಬಾಗ್‌ಗೆ ಹೊಂದಿಕೊಂಡಿರುವ ಓಲ್ಡ್ ರಾಜಿಂದರ್ ನಗರ ಎಂದರೆ ಇವತ್ತು ಯುಪಿಎಸ್‌ಸಿ ಕೋಚಿಂಗ್ ಕೇಂದ್ರಗಳು, ಪುಸ್ತಕದಂಗಡಿಗಳು, ಸಾಲು ಸಾಲು ಪಿಜಿಗಳು. ಕರ್ನಾಟಕದಿಂದ ಹೋದ ಅಭ್ಯರ್ಥಿಗಳೂ ಇಲ್ಲಿನ ಸಣ್ಣ ಕೋಣೆಗಳಲ್ಲಿ ವರ್ಷಗಟ್ಟಲೆ ಕೂತು ಓದುತ್ತಾರೆ. ಆದರೆ ಈ ಬಡಾವಣೆ ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ. 1947ರ ದೇಶ ವಿಭಜನೆಯ ನಂತರ ಪಶ್ಚಿಮ ಪಂಜಾಬ್‌ನಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ನೆಲೆ ಕಲ್ಪಿಸಲು ಇದನ್ನು ಕಟ್ಟಲಾಯಿತು. ದೇಶದ ಮೊದಲ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಅವರ ಹೆಸರನ್ನೇ ಇಡಲಾಯಿತು.

ಹೀಗಾಗಿ ಒಂದೇ ಕಟ್ಟಡದಲ್ಲಿ ಎರಡು ಬಗೆಯ ಮನೆತನಗಳು ಇರಬಹುದು. ಕೆಳಗೆ, ಹಳೆಯ ಕಾಗದಪತ್ರಗಳೆಲ್ಲ ಗಡಿಯಾಚೆ ಉಳಿದುಹೋದ ಪಂಜಾಬಿ ಕುಟುಂಬ. ಮೇಲಿನ ಮಹಡಿಯಲ್ಲಿ, ಕಾಗದಗಳೆಲ್ಲ ಊರಿನ ಟ್ರಂಕ್‌ನಲ್ಲಿ ಭದ್ರವಾಗಿದ್ದರೂ ಹೆಸರುಗಳನ್ನು ಆ್ಯಪ್‌ಗೆ ಹೊಂದಿಸಲಾಗದ ಕನ್ನಡದ ವಿದ್ಯಾರ್ಥಿ. ಮೊಬೈಲ್‌ನಲ್ಲಿ ವಂಶವೃಕ್ಷ ಮಾಡಲು ಹೊರಟರೆ ಇಬ್ಬರಿಗೂ ಗೊಂದಲ ತಪ್ಪಿದ್ದಲ್ಲ. ಒಬ್ಬರೇ ಮೂರು ಬಾರಿ ಕಾಣಿಸಿಕೊಳ್ಳುತ್ತಾರೆ, ಒಂದೇ ಹೆಸರಿನ ಅಜ್ಜ-ಮೊಮ್ಮಗ ಒಬ್ಬರೇ ಆಗಿಬಿಡುತ್ತಾರೆ, ಮಗಳ ಹೆಸರೇ ಮಾಯವಾಗುತ್ತದೆ.

ಇದನ್ನು ಸರಿಪಡಿಸುವುದೆಂದರೆ ಗಿಡ ಕತ್ತರಿಸಿದಂತೆ ಅಂದಗೊಳಿಸುವುದಲ್ಲ. ಪ್ರತಿಯೊಂದು ಹೆಸರಿನ ಮುಂದೆ 'ಇದನ್ನು ಯಾರು ಹೇಳಿದರು, ಎಲ್ಲಿ ಬರೆದಿದೆ' ಎಂಬುದನ್ನು ಸೇರಿಸುವುದು. ಅದನ್ನು ಮಾಡುವುದು ಹೇಗೆ ಎಂಬ ವಿವರ ಇಲ್ಲಿದೆ.

ಮೊಬೈಲ್‌ಗೂ ಮೊದಲು ವಂಶ ಬರೆದವರು

1941ರಲ್ಲಿ ಸುಮಾರು 9.18 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ರ ಹೊತ್ತಿಗೆ 17.44 ಲಕ್ಷಕ್ಕೆ ಏರಿತು. ಈ ಏರಿಕೆಗೆ ದೊಡ್ಡ ಕಾರಣ ವಿಭಜನೆಯ ನಿರಾಶ್ರಿತರು. ಹೀಗೆ ಬಂದ ಅನೇಕರ ಬಳಿ ಜಮೀನಿನ ಪತ್ರವೂ ಇರಲಿಲ್ಲ, ಶಾಲೆಯ ದಾಖಲೆಯೂ ಇರಲಿಲ್ಲ. ಅಂಥವರಿಗೆ ಆಸರೆಯಾದ ದಾಖಲೆಗಳಲ್ಲಿ ಹರಿದ್ವಾರದ ಪಂಡಾಗಳ 'ಬಹಿ'ಗಳೂ ಸೇರಿವೆ. ಇವು ತೀರ್ಥಕ್ಷೇತ್ರದ ಪುರೋಹಿತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಉದ್ದನೆಯ ಪುಸ್ತಕಗಳು. ಅಸ್ಥಿ ವಿಸರ್ಜನೆಗೋ ತೀರ್ಥಯಾತ್ರೆಗೋ ಹೋದ ಕುಟುಂಬದವರು ಹುಟ್ಟು, ಸಾವು, ಮದುವೆಯ ವಿವರ ಬರೆಸಿ ಸಹಿ ಹಾಕುತ್ತಾರೆ. ಮೂಲ ಊರು ಮತ್ತು ಜಾತಿಯ ಆಧಾರದ ಮೇಲೆ ಪುಸ್ತಕಗಳನ್ನು ವಿಂಗಡಿಸಲಾಗಿರುತ್ತದೆ. ಈ ಬಹಿಗಳಲ್ಲಿ ಬಹಳಷ್ಟನ್ನು ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಸ್ಥೆ, ಅಂದರೆ ಇಂದಿನ ಫ್ಯಾಮಿಲಿಸರ್ಚ್, ಫಿಲ್ಮ್ ಮಾಡಿಸಿದೆ.

ಕರ್ನಾಟಕಕ್ಕೂ ಇಂಥ ಪರಂಪರೆ ಹೊಸದಲ್ಲ. ಎತ್ತಿನೊಂದಿಗೆ ಊರೂರು ತಿರುಗುವ ಹೆಳವರು ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ದವಸ, ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಯಾವ ಹೆಳವ ಕುಟುಂಬಕ್ಕೆ ಯಾವ ಮನೆತನಗಳು ಎಂಬುದು ಮೊದಲೇ ಹಂಚಿಕೆಯಾಗಿರುತ್ತದೆ. ಉತ್ತರ ಕರ್ನಾಟಕದ ಕೆಲವು ಕುಟುಂಬಗಳ ಹೆಸರುಗಳು ನಾಸಿಕ್‌ನ ತೀರ್ಥಪುರೋಹಿತರ 'ನಾಮಾವಳಿ' ಪುಸ್ತಕಗಳಲ್ಲೂ ಸಿಗುತ್ತವೆ.

ಈ ಹಳೆಯ ಪದ್ಧತಿಯಲ್ಲಿ ಒಂದು ಒಳ್ಳೆಯ ಗುಣವಿತ್ತು. ಹೇಳಿದವರು ಯಾರು, ಯಾವಾಗ ಬಂದು ಹೇಳಿದರು ಎಂಬುದಕ್ಕೆ ಗುರುತು ಇರುತ್ತಿತ್ತು. ಆ್ಯಪ್‌ಗಳಲ್ಲಿ ಜನ ಮೊದಲು ಬಿಟ್ಟುಬಿಡುವುದು ಇದನ್ನೇ.

ಡಿಜಿಟಲ್ ವಂಶವೃಕ್ಷ ಕೆಡುವುದು ಏಕೆ?

ವಂಶವೃಕ್ಷದ ತಾಣಗಳಲ್ಲಿ ಎರಡು ಬಗೆ. ಮೊದಲನೆಯದು ಖಾಸಗಿ ವೃಕ್ಷ. ಅದನ್ನು ತಿದ್ದುವ ಹಕ್ಕು ಮಾಡಿದವರಿಗೆ ಮತ್ತು ಅವರು ಅನುಮತಿ ಕೊಟ್ಟವರಿಗೆ ಮಾತ್ರ. ಎರಡನೆಯದು ಎಲ್ಲರೂ ಸೇರಿ ಕಟ್ಟುವ ಒಂದೇ ದೊಡ್ಡ ವೃಕ್ಷ. ಫ್ಯಾಮಿಲಿಸರ್ಚ್, ಗೆನಿ, ವಿಕಿಟ್ರೀ ಈ ಎರಡನೇ ಸಾಲಿಗೆ ಸೇರುತ್ತವೆ. ಅಲ್ಲಿ ದೂರದ ಸಂಬಂಧಿಯೊಬ್ಬರು ಮಾಡಿದ ಬದಲಾವಣೆ ನಿಮ್ಮ ಅಜ್ಜನ ಪುಟದಲ್ಲೂ ಕಾಣಿಸುತ್ತದೆ.

ದಾಖಲೆ ಕೆಡುವ ಸಾಮಾನ್ಯ ಕಾರಣಗಳು ಹೀಗಿವೆ:

- ದೊಡ್ಡಪ್ಪನ ಮಗ ಒಂದು ಫೈಲ್ ಮಾಡಿರುತ್ತಾನೆ, ಅತ್ತೆಯ ಮಗಳು ಇನ್ನೊಂದು. ಎರಡನ್ನೂ ಒಂದೇ ಖಾತೆಗೆ ತುಂಬಿಸಿದಾಗ ಅಜ್ಜ-ಅಜ್ಜಿ ಇಬ್ಬಿಬ್ಬರಾಗುತ್ತಾರೆ.
- ತಾಣ ತೋರಿಸುವ 'ಹೊಂದಾಣಿಕೆ' ಸೂಚನೆಗಳನ್ನು ಓದದೆಯೇ ಒಪ್ಪಿಕೊಳ್ಳುವುದು.
- ಇನ್ನೊಬ್ಬರ ವೃಕ್ಷವನ್ನು ತಪ್ಪುಗಳ ಸಮೇತ ನಕಲು ಮಾಡುವುದು. ಹತ್ತು ಕಡೆ ಕಂಡ ತಪ್ಪು ಹತ್ತು ಸಾಕ್ಷಿಯಂತೆ ತೋರುತ್ತದೆ, ಆದರೆ ಮೂಲ ಒಂದೇ.
- ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಟ್ಟಿಯನ್ನು ಯಾರು ಕೊಟ್ಟರೆಂದು ಬರೆಯದೆ ಸೇರಿಸುವುದು.

ಮೊದಲ ಹೆಜ್ಜೆ: ಒಂದು ಪ್ರತಿ ತೆಗೆದಿಡಿ

ಏನನ್ನಾದರೂ ತಿದ್ದುವ ಮೊದಲು ಇಡೀ ವೃಕ್ಷದ ಪ್ರತಿಯನ್ನು ಡೌನ್‌ಲೋಡ್ ಮಾಡಿ ದಿನಾಂಕ ಹಾಕಿ ಇಡಬೇಕು. ಇದಕ್ಕೆ ಬಳಸುವ ಸಾಮಾನ್ಯ ಮಾದರಿ 'ಜೆಡ್‌ಕಾಮ್'. ಇದನ್ನು ರೂಪಿಸಿದ್ದು ಅಮೆರಿಕದ ಮಾರ್ಮನ್ ಚರ್ಚ್‌ನ ವಂಶಾವಳಿ ವಿಭಾಗ, 1980ರ ದಶಕದಲ್ಲಿ. ಬಹುತೇಕ ತಂತ್ರಾಂಶಗಳು ಇದನ್ನು ಓದಬಲ್ಲವು. ವ್ಯಾಪಕವಾಗಿ ಬಳಕೆಯಲ್ಲಿರುವ ಆವೃತ್ತಿ 5.5.1. ಅದರ ನಂತರದ 7.0 ಆವೃತ್ತಿ 2021ರಲ್ಲಿ ಬಂತು.

ಇಲ್ಲಿ ಎರಡು ಎಚ್ಚರಿಕೆ ಬೇಕು. 5.5.1 ಫೈಲ್‌ನಲ್ಲಿ ಸಾಮಾನ್ಯವಾಗಿ ಫೋಟೊಗಳು ಬರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ. ಹಾಗಾಗಿ ಫೋಟೊಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ಇನ್ನೊಂದು, ಫೈಲ್ ಉಳಿಸುವಾಗ 'ಯುಟಿಎಫ್-8' ಆಯ್ಕೆ ಇದ್ದರೆ ಅದನ್ನೇ ಆರಿಸಬೇಕು. ಹಳೆಯ ಸಂಕೇತ ಪದ್ಧತಿಯಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ.

ಕಂಪ್ಯೂಟರ್‌ನಲ್ಲಿ ಕೂತು ಕೆಲಸ ಮಾಡುವವರಿಗೆ 'ಗ್ರಾಂಪ್ಸ್' ಎಂಬ ಉಚಿತ ಮುಕ್ತ ತಂತ್ರಾಂಶವಿದೆ. ಒಬ್ಬರೇ ಎರಡು ಬಾರಿ ಇದ್ದಾರೆಯೇ ಎಂದು ಹುಡುಕುವ ಮತ್ತು ಅಸಂಬದ್ಧ ದಿನಾಂಕಗಳನ್ನು ಪಟ್ಟಿ ಮಾಡುವ ಸೌಲಭ್ಯ ಅದರಲ್ಲಿದೆ.

ಹೆಸರು: ಇನಿಷಿಯಲ್ ತಂದ ಎಡವಟ್ಟು

ವಂಶವೃಕ್ಷದ ತಂತ್ರಾಂಶಗಳು ಪ್ರತಿಯೊಬ್ಬರಿಗೂ ಒಂದು ಹೆಸರು, ಒಂದು ಕುಲನಾಮ ಇರುತ್ತದೆ ಎಂದುಕೊಂಡು ತಯಾರಾದವು. ಓಲ್ಡ್ ರಾಜಿಂದರ್ ನಗರದ ಪಂಜಾಬಿ ಮನೆತನಗಳಿಗೆ ಇದು ಹೊಂದುತ್ತದೆ. ತಂದೆ, ಮಗ, ಮೊಮ್ಮಗ ಎಲ್ಲರದೂ ಒಂದೇ ಕುಲನಾಮ. ಕನ್ನಡದ ಹೆಸರು ಹಾಗಲ್ಲ.

ಉದಾಹರಣೆಗೆ ಹಳೆ ಮೈಸೂರು ಭಾಗದ 'ಎಚ್.ಎನ್. ರಾಮಯ್ಯ' ಎಂಬ ಹೆಸರು ತೆಗೆದುಕೊಳ್ಳಿ. 'ಎಚ್' ಊರು, 'ಎನ್' ತಂದೆಯ ಹೆಸರು, 'ರಾಮಯ್ಯ' ಸ್ವಂತ ಹೆಸರು. ತಂತ್ರಾಂಶ 'ರಾಮಯ್ಯ'ನನ್ನು ಕುಲನಾಮ ಎಂದುಕೊಳ್ಳುತ್ತದೆ. ಆಗ ಅಣ್ಣ, ತಮ್ಮ, ತಂದೆ ಮೂವರೂ ಮೂರು ಬೇರೆ ಮನೆತನದವರಂತೆ ಕಾಣುತ್ತಾರೆ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಂಬ ಕ್ರಮವಿರುವುದರಿಂದ ತೊಂದರೆ ಸ್ವಲ್ಪ ಕಡಿಮೆ.

ಸರಿಪಡಿಸುವ ವಿಧಾನ ಸರಳ. ಸ್ವಂತ ಹೆಸರನ್ನು ಹೆಸರಿನ ಜಾಗದಲ್ಲಿ ಬರೆಯಿರಿ. ಇನಿಷಿಯಲ್‌ಗಳನ್ನು ಬಿಡಿಸಿ, ಊರನ್ನು ಸ್ಥಳದ ಜಾಗಕ್ಕೆ, ತಂದೆಯನ್ನು ಸಂಬಂಧದ ಜಾಗಕ್ಕೆ ಹಾಕಿ. ಕುಲನಾಮ ಇಲ್ಲದಿದ್ದರೆ ಆ ಜಾಗ ಖಾಲಿಯೇ ಇರಲಿ. ಎಲ್ಲರಿಗೂ ಒಂದೇ ಕುಲನಾಮ ಸೃಷ್ಟಿಸಿ ಅಂಟಿಸಿದರೆ ಮುಂದೆ ದಾಖಲೆ ಹುಡುಕುವವರು ದಾರಿ ತಪ್ಪುತ್ತಾರೆ. ಇನಿಷಿಯಲ್ ಸಮೇತ ಇರುವ ಹೆಸರನ್ನು 'ಇತರ ಹೆಸರು' ಎಂಬಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಪಹಣಿ, ಅಂಕಪಟ್ಟಿಗಳಲ್ಲಿ ಇರುವುದು ಅದೇ.

ಮನೆಯಲ್ಲಿ ಕರೆಯುವ ಹೆಸರು, ಶಾಲೆಯ ಹೆಸರು, ಮದುವೆಯಲ್ಲಿ ಇಟ್ಟ ಹೆಸರು ಬೇರೆ ಬೇರೆ ಇದ್ದರೆ ಮೂರನ್ನೂ ಬರೆಯಬೇಕು. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುವ ಪದ್ಧತಿ ಇರುವುದರಿಂದ ತವರಿನ ವೃಕ್ಷದಲ್ಲಿ ಒಬ್ಬಳು, ಗಂಡನ ಮನೆಯ ವೃಕ್ಷದಲ್ಲಿ ಇನ್ನೊಬ್ಬಳು ಎಂಬಂತಾಗುತ್ತದೆ. ಹುಟ್ಟಿದಾಗಿನ ಹೆಸರನ್ನು ಮುಖ್ಯ ಹೆಸರಾಗಿ ಇಡುವುದು ವಂಶಾವಳಿ ಕೆಲಸದಲ್ಲಿ ರೂಢಿ.

ನುಡಿ, ಬರಹದ ಹಳೆಯ ಫೈಲ್‌ಗಳಿದ್ದರೆ

ಯೂನಿಕೋಡ್ ಬಳಕೆಗೆ ಬರುವ ಮೊದಲು ಅನೇಕ ಮನೆಗಳಲ್ಲಿ ವಂಶಾವಳಿಯನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಲಾಗಿದೆ. ಆ ಫೈಲನ್ನು ಈಗ ಮೊಬೈಲ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣುತ್ತದೆ. ಫೈಲ್ ಹಾಳಾಗಿದೆ ಎಂದು ಬಿಸಾಡಬಾರದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯಾದ ನಂತರ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಮೂಲದೊಂದಿಗೆ ಕಣ್ಣಿಟ್ಟು ಹೋಲಿಸಬೇಕು.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅದು ಇರುವ ಹೆಸರು, ಇಲ್ಲದ ಹೆಸರು ಎರಡೂ ಕಂಪ್ಯೂಟರ್ ದೃಷ್ಟಿಯಲ್ಲಿ ಬೇರೆ. ಹಾಗೆಯೇ 'ವೆಂಕಟರಮಣ-ವೆಂಕಟ್ರಮಣ', 'ಶಾನುಭೋಗ-ಶ್ಯಾನುಭಾಗ' ಮುಂತಾದವು. ಒಂದು ರೂಪವನ್ನು ಮುಖ್ಯವಾಗಿಟ್ಟು ಉಳಿದವನ್ನು ಇತರ ಹೆಸರುಗಳಾಗಿ ದಾಖಲಿಸಿದರೆ ಹುಡುಕಾಟದಲ್ಲಿ ಯಾವುದೂ ತಪ್ಪಿಹೋಗುವುದಿಲ್ಲ.

ದಿನಾಂಕ: ಸಂವತ್ಸರದ 60 ವರ್ಷಗಳ ಸುಳಿ

ಹಳೆಯ ಜಾತಕ, ಲಗ್ನಪತ್ರಿಕೆಗಳಲ್ಲಿ ಇಸವಿ ಇಲ್ಲದೆ ಸಂವತ್ಸರದ ಹೆಸರಷ್ಟೇ ಇರುವುದುಂಟು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 'ಪ್ರಭವ ಸಂವತ್ಸರ' ಎಂದಿದ್ದರೆ ಅದು 1987-88 ಇರಬಹುದು, 1927-28 ಇರಬಹುದು, 1867-68 ಕೂಡ ಇರಬಹುದು. ತಪ್ಪಾಗಿ ಆರಿಸಿದರೆ ಮುತ್ತಜ್ಜ ತನ್ನ ಮಗನಿಗಿಂತ ಚಿಕ್ಕವನಾಗುತ್ತಾನೆ. ಅಣ್ಣತಮ್ಮಂದಿರ, ಮಕ್ಕಳ ವಯಸ್ಸಿನೊಂದಿಗೆ ತಾಳೆ ನೋಡಿದರೆ ಸರಿಯಾದ ಸುತ್ತು ಸಿಗುತ್ತದೆ.

ಪಂಜಾಬಿ ಕುಟುಂಬಗಳ ಬಹಿಗಳಲ್ಲಿ ಇರುವುದು ವಿಕ್ರಮ ಸಂವತ್. ಅದರಿಂದ 57 ಕಳೆದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಸಂವತ್ 2004 ಎಂದರೆ 1947-48. ಶಾಲಿವಾಹನ ಶಕೆಗೆ 78 ಕೂಡಿಸಬೇಕು.

ತಿಂಗಳಲ್ಲೂ ವ್ಯತ್ಯಾಸವಿದೆ. ಕರ್ನಾಟಕದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ಕೃಷ್ಣ ಜನ್ಮಾಷ್ಟಮಿ ಇಲ್ಲಿ ಶ್ರಾವಣ ಬಹುಳ ಅಷ್ಟಮಿ, ಅಲ್ಲಿ ಭಾದ್ರಪದ ಕೃಷ್ಣ ಅಷ್ಟಮಿ. ದಿನ ಮಾತ್ರ ಒಂದೇ.

ಶಾಲೆಯ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಿಂದಿನ ತಲೆಮಾರಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಿಂದ ಜೂನ್ ತಿಂಗಳ ದಿನಾಂಕ ಬರೆದದ್ದು ಎಷ್ಟೋ ಮನೆಗಳಲ್ಲಿ ಗೊತ್ತಿರುವ ಸಂಗತಿ. ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ.

ಖಚಿತ ಗೊತ್ತಿಲ್ಲದಿದ್ದರೆ 'ಸುಮಾರು 1927', '1947ಕ್ಕೆ ಮೊದಲು' ಎಂದು ಬರೆಯುವ ಅವಕಾಶ ಬಹುತೇಕ ತಂತ್ರಾಂಶಗಳಲ್ಲಿದೆ. ಜೆಡ್‌ಕಾಮ್ ಮಾದರಿಯಲ್ಲಿ ನಮ್ಮ ಶಕೆ, ಸಂವತ್ಸರಗಳಿಗೆ ಪ್ರತ್ಯೇಕ ಜಾಗವಿಲ್ಲ. ಆದ್ದರಿಂದ ಮೂಲದಲ್ಲಿ ಇದ್ದಂತೆಯೇ ತಿಥಿಯನ್ನು ಟಿಪ್ಪಣಿಯಲ್ಲಿ ಬರೆದು, ಲೆಕ್ಕ ಹಾಕಿದ ಇಸವಿಯನ್ನು ದಿನಾಂಕದ ಜಾಗದಲ್ಲಿ ಹಾಕಬೇಕು.

ಊರು: ಮನೆ ಅಲ್ಲೇ, ವಿಳಾಸ ಮಾತ್ರ ಬೇರೆ

ಲಾಯಲ್‌ಪುರದಲ್ಲಿ ಹುಟ್ಟಿದವರ ಊರು ಈಗ ಪಾಕಿಸ್ತಾನದ ಫೈಸಲಾಬಾದ್. ಮಾಂಟ್‌ಗೊಮೆರಿ ಈಗ ಸಾಹಿವಾಲ್. ವೃಕ್ಷದಲ್ಲಿ ಎರಡೂ ಹೆಸರಿದ್ದರೆ ಎರಡು ಬೇರೆ ಊರುಗಳೆಂದು ತಿಳಿದು ಒಬ್ಬರನ್ನೇ ಇಬ್ಬರನ್ನಾಗಿ ಮಾಡುವ ಅಪಾಯವಿದೆ.

ಕನ್ನಡಿಗರಿಗೂ ಇದು ಹೊಸದಲ್ಲ. ಬೆಳಗಾವಿಯ ಮನೆಯೊಂದು 1956ರ ಅಕ್ಟೋಬರ್‌ವರೆಗೆ ಬಾಂಬೆ ರಾಜ್ಯದಲ್ಲಿತ್ತು, ನವೆಂಬರ್ 1ರಿಂದ ಮೈಸೂರು ರಾಜ್ಯದಲ್ಲಿ, 1973ರ ನವೆಂಬರ್ 1ರಿಂದ ಕರ್ನಾಟಕದಲ್ಲಿ. ಇಂಗ್ಲಿಷ್ ದಾಖಲೆಗಳಲ್ಲಿ 'ಬೆಲ್ಗಾಂ' ಇದ್ದದ್ದು 'ಬೆಳಗಾವಿ' ಆದದ್ದು 2014ರ ನವೆಂಬರ್ 1ರಂದು. ಕಾಸರಗೋಡು ಮೊದಲು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, 1956ರಲ್ಲಿ ಕೇರಳಕ್ಕೆ ಹೋಯಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 1997ರಲ್ಲಿ ಉಡುಪಿ, ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಚಾಮರಾಜನಗರ ಹೊಸ ಜಿಲ್ಲೆಗಳಾದವು.

ಘಟನೆ ನಡೆದ ಕಾಲದಲ್ಲಿ ಇದ್ದ ಹೆಸರನ್ನು ಬರೆದು, ಈಗಿನ ಹೆಸರನ್ನು ಟಿಪ್ಪಣಿಯಲ್ಲಿ ಸೇರಿಸುವುದು ಒಳ್ಳೆಯದು. ಹಳೆಯ ದಾಖಲೆ ಯಾವ ರಾಜ್ಯದ ಕಚೇರಿಯಲ್ಲಿ ಸಿಗಬಹುದು ಎಂಬುದಕ್ಕೂ ಅದೇ ಸುಳಿವು.

ಅಜ್ಜಿಯೇ ಅತ್ತೆ: ಇದು ತಪ್ಪಲ್ಲ

ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋದರಮಾವನನ್ನು, ಅತ್ತೆಯ ಅಥವಾ ಮಾವನ ಮಕ್ಕಳನ್ನು ಮದುವೆಯಾಗುವ ರೂಢಿ ಇದೆ. ಸೋದರಮಾವನನ್ನು ಮದುವೆಯಾದ ಹೆಣ್ಣಿಗೆ ತಾಯಿಯ ತಾಯಿಯೇ ಅತ್ತೆ. ಆ್ಯಪ್‌ನಲ್ಲಿ ಹೆಸರು ತುಂಬುವವರು ಆಕೆಯನ್ನು ಒಮ್ಮೆ ಅಜ್ಜಿಯಾಗಿ, ಇನ್ನೊಮ್ಮೆ ಅತ್ತೆಯಾಗಿ ಸೇರಿಸುತ್ತಾರೆ. ಇಲ್ಲಿ ಎರಡು ದಾಖಲೆಗಳನ್ನು ಒಂದಾಗಿಸಲೇಬೇಕು.

ಒಂದಾಗಿಸಿದ ಕೂಡಲೇ ಕೆಲವು ತಂತ್ರಾಂಶಗಳು ಎಚ್ಚರಿಕೆ ತೋರಿಸುತ್ತವೆ. ಮಾವ-ಸೊಸೆಯ ಮದುವೆ ಅವುಗಳ ಲೆಕ್ಕದಲ್ಲಿ ದೋಷ. ಗಾಬರಿಯಾಗಿ ಸಂಬಂಧವನ್ನು ಅಳಿಸಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದ ಮದುವೆಯನ್ನು ನಿಷೇಧಿಸಿದರೂ ಸಮುದಾಯದ ರೂಢಿ ಇದ್ದಲ್ಲಿ ವಿನಾಯಿತಿ ನೀಡಿದೆ. ಎಚ್ಚರಿಕೆಯನ್ನು ಬದಿಗಿಟ್ಟು, 'ಸೋದರಮಾವನೊಂದಿಗೆ ಮದುವೆ, ಪರಿಶೀಲಿಸಲಾಗಿದೆ' ಎಂದು ಟಿಪ್ಪಣಿ ಬರೆದರೆ ಸಾಕು. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಬಂದು 'ತಪ್ಪು ತಿದ್ದುತ್ತಾರೆ'.

ದತ್ತು ವಿಷಯದಲ್ಲೂ ಹೀಗೆಯೇ. ದೊಡ್ಡಪ್ಪನಿಗೆ ದತ್ತು ಹೋದ ಮಗನಿಗೆ ಹೆತ್ತವರು, ದತ್ತು ತೆಗೆದುಕೊಂಡವರು ಎಂದು ಇಬ್ಬಗೆಯ ತಂದೆ-ತಾಯಿ. ಸಂಬಂಧದ ಬಗೆ ಆರಿಸುವ ಸೌಲಭ್ಯ ಬಳಸಿ ಇಬ್ಬರನ್ನೂ ಉಳಿಸಿಕೊಳ್ಳಬೇಕು. ಕರಾವಳಿಯ ಅಳಿಯಸಂತಾನ ಮನೆತನಗಳಲ್ಲಿ ಕುಟುಂಬ ಲೆಕ್ಕಕ್ಕೆ ಬರುವುದು ತಾಯಿಯ ಕಡೆಯಿಂದ. ಅಲ್ಲಿ ತಂದೆಯ ಸಾಲನ್ನಷ್ಟೇ ಬರೆಯುತ್ತಾ ಹೋದರೆ ಮನೆತನವೇ ಕೈತಪ್ಪುತ್ತದೆ.

ಮರ್ಜ್ ಬಟನ್ ಒತ್ತುವ ಮುನ್ನ

ಇಬ್ಬರನ್ನು ಒಂದಾಗಿಸುವುದು ಸುಲಭ, ಒಂದಾದವರನ್ನು ಬೇರ್ಪಡಿಸುವುದು ಕಷ್ಟ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇರುವುದರಿಂದ ಒಂದು ತಲೆಮಾರು ಬಿಟ್ಟು ಅದೇ ಹೆಸರು ಬರುತ್ತದೆ. ಹೆಸರೊಂದನ್ನೇ ನೋಡಿ ತೀರ್ಮಾನಿಸಿದರೆ ಎರಡು ತಲೆಮಾರು ಒಂದಾಗಿಬಿಡುತ್ತವೆ.

ಕನಿಷ್ಠ ಇವು ಹೊಂದುತ್ತವೆಯೇ ನೋಡಿ: ತಂದೆಯ ಹೆಸರು, ತಾಯಿಯ ಹೆಸರು, ಹೆಂಡತಿ ಅಥವಾ ಗಂಡನ ಹೆಸರು, ಊರು, ಅಂದಾಜು ಹುಟ್ಟಿದ ಕಾಲ. ಹೆಸರಲ್ಲದೆ ಇನ್ನೂ ಎರಡು-ಮೂರು ವಿವರಗಳು ಕೂಡಿಬರದಿದ್ದರೆ 'ಇವರಿಬ್ಬರೂ ಒಬ್ಬರೇ ಇರಬಹುದು' ಎಂದು ಟಿಪ್ಪಣಿ ಬರೆದು ಹಾಗೆಯೇ ಬಿಡಿ.

ಈ ಕೆಳಗಿನವು ಕಂಡರೆ ಎಲ್ಲೋ ತಪ್ಪು ಜೋಡಣೆಯಾಗಿದೆ ಎಂದರ್ಥ:

- ತಾಯಿಗೆ 12 ವರ್ಷ ತುಂಬುವ ಮೊದಲೇ ಅಥವಾ 55 ದಾಟಿದ ಮೇಲೆ ಮಗು.
- ತಾಯಿ ತೀರಿಕೊಂಡ ನಂತರ ಹುಟ್ಟಿದ ಮಗು. ತಂದೆ ತೀರಿ ವರ್ಷ ಕಳೆದ ಮೇಲೆ ಹುಟ್ಟಿದ ಮಗು.
- ಒಂದೇ ತಾಯಿಗೆ ಕೆಲವೇ ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು. ಅವಳಿಯಲ್ಲದಿದ್ದರೆ ತಂದೆಯ ಎರಡನೇ ಹೆಂಡತಿಯ ಹೆಸರು ಬಿಟ್ಟುಹೋಗಿರಬಹುದು.
- 110 ವರ್ಷ ದಾಟಿದರೂ 'ಜೀವಂತ' ಎಂದು ಕಾಣುವ ವ್ಯಕ್ತಿ.

ಎಲ್ಲರೂ ಸೇರಿ ಕಟ್ಟುವ ವೃಕ್ಷದಲ್ಲಿ ತಿದ್ದುವ ಮುನ್ನ ಆ ದಾಖಲೆ ಸೇರಿಸಿದವರಿಗೆ ಸಂದೇಶ ಕಳುಹಿಸುವುದು ಒಳಿತು. ಅವರ ಬಳಿ ನಿಮಗೆ ಸಿಗದ ಲಗ್ನಪತ್ರಿಕೆ ಇರಬಹುದು.

ಮಗಳು ಎಲ್ಲಿ? ಆಸ್ತಿಯ ಪ್ರಶ್ನೆ

ಹಳೆಯ ವಂಶಾವಳಿಗಳು ಹೆಚ್ಚಾಗಿ ಗಂಡು ಸಂತತಿಯ ಪಟ್ಟಿಗಳು. ಅವನ್ನು ನೋಡಿ ಆ್ಯಪ್‌ಗೆ ಇಳಿಸಿದಾಗ ಹೆಣ್ಣುಮಕ್ಕಳು ಕೈಬಿಟ್ಟುಹೋಗುತ್ತಾರೆ. ಚಿಕ್ಕವಯಸ್ಸಿಗೆ ವಿಧವೆಯಾದವರು, ಮಕ್ಕಳಿಲ್ಲದೆ ತೀರಿಕೊಂಡವರು ಕೂಡ. ವೃಕ್ಷ 'ಚೊಕ್ಕ'ವಾಗಿ ಕಾಣಲಿ ಎಂದು ಖಾಲಿ ಕೊಂಬೆಗಳನ್ನು ಅಳಿಸುವವರೂ ಇದ್ದಾರೆ. ಇದು ಬರೀ ಮನೆತನದ ಹೆಮ್ಮೆಯ ವಿಷಯವಲ್ಲ, ಹಕ್ಕಿನ ವಿಷಯವೂ ಹೌದು.

ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಯಾಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಮೊಬೈಲ್‌ನ ವಂಶವೃಕ್ಷ ಸರ್ಕಾರಿ ದಾಖಲೆಯಲ್ಲ. ಪೌತಿ ಖಾತೆಗೆ, ಬ್ಯಾಂಕ್ ಹಣಕ್ಕೆ ಬೇಕಾಗುವುದು ಅಧಿಕೃತ ಪತ್ರ. ಕರ್ನಾಟಕದಲ್ಲಿ ವಂಶವೃಕ್ಷ ದೃಢೀಕರಣಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ದೆಹಲಿಯಲ್ಲಿ ಕಂದಾಯ ಇಲಾಖೆಯ ಎಸ್‌ಡಿಎಂ ಕಚೇರಿಯಿಂದ 'ಸರ್ವೈವಿಂಗ್ ಮೆಂಬರ್ ಸರ್ಟಿಫಿಕೇಟ್' ಪಡೆಯಬೇಕು. ಈ ಅರ್ಜಿಗಳಲ್ಲಿ ಮದುವೆಯಾಗಿ ಹೋದ ಮಗಳೂ ಸೇರಿ ಎಲ್ಲ ವಾರಸುದಾರರ ಹೆಸರು ಇರಲೇಬೇಕು. ಮನೆಯ ವೃಕ್ಷ ಸರಿಯಾಗಿದ್ದರೆ ಅರ್ಜಿ ತುಂಬುವಾಗ ಯಾರೂ ಬಿಟ್ಟುಹೋಗುವುದಿಲ್ಲ.

ಇನ್ನೊಂದು ಮಾತು. ಡಿಜಿಟಲ್ ಮಾಡಿಯಾಯಿತೆಂದು ಹಳೆಯ ಕೈಬರಹದ ವಂಶಾವಳಿಯನ್ನು ಎಸೆಯಬೇಡಿ. ವ್ಯಾಜ್ಯ ಹುಟ್ಟುವ ಮೊದಲೇ, ಸಂಬಂಧದ ಬಗ್ಗೆ ತಿಳಿದಿದ್ದು ಈಗ ತೀರಿಕೊಂಡಿರುವವರು ಬರೆದಿಟ್ಟ ಕುಟುಂಬದ ವಂಶಾವಳಿಯನ್ನು ಕೋರ್ಟ್ ಪರಿಗಣಿಸಲು 1872ರ ಸಾಕ್ಷ್ಯ ಕಾಯ್ದೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಇದೆ.

ಬದುಕಿರುವವರ ಮಾಹಿತಿ ಜೋಪಾನ

ತೀರಿಕೊಂಡ ಮುತ್ತಜ್ಜನ ವಿವರ ಹಂಚಿಕೊಳ್ಳುವುದು ಬೇರೆ, ಬದುಕಿರುವ ತಂಗಿಯ ಹುಟ್ಟಿದ ದಿನ, ಫೋನ್ ನಂಬರ್ ಹಂಚುವುದು ಬೇರೆ. ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರು ಮುಂತಾದವನ್ನು ಕೆಲವು ಸೇವೆಗಳು ಗುರುತು ಖಚಿತಪಡಿಸಲು ಕೇಳುತ್ತವೆ. ವಂಚಕರಿಗೂ ಬೇಕಾಗಿರುವುದು ಅದೇ.

ಬಹುತೇಕ ತಾಣಗಳಲ್ಲಿ ಬದುಕಿರುವವರ ವಿವರ ಹೊರಗಿನವರಿಗೆ ಕಾಣದಂತೆ ಮರೆಮಾಡುವ ವ್ಯವಸ್ಥೆ ಇದೆ. ಆದರೆ ವ್ಯಕ್ತಿ ಬದುಕಿದ್ದಾರೆ ಎಂದು ಸರಿಯಾಗಿ ಗುರುತು ಹಾಕಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಮುನ್ನ ಬದುಕಿರುವವರ ವಿವರ ತೆಗೆದ ಪ್ರತಿ ಮಾಡಿಕೊಳ್ಳಿ. ದತ್ತು, ವಿಚ್ಛೇದನದಂಥ ವಿಷಯಗಳನ್ನು ಸಂಬಂಧಪಟ್ಟವರ ಒಪ್ಪಿಗೆಯಿಲ್ಲದೆ ಬಹಿರಂಗವಾಗಿ ಬರೆಯಬೇಡಿ. ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಬಳಕೆಗಾಗಿ ಇಟ್ಟುಕೊಳ್ಳುವ ಮಾಹಿತಿಗೆ ಅನ್ವಯಿಸುವುದಿಲ್ಲ. ಆದರೂ ಸಂಬಂಧಿಕರ ವಿಶ್ವಾಸ ಕಾಯ್ದೆಗಿಂತ ದೊಡ್ಡದು.

ಎಲ್ಲಿಂದ ಶುರು ಮಾಡಬೇಕು?

ಇಡೀ ವೃಕ್ಷವನ್ನು ಒಂದೇ ಭಾನುವಾರದಲ್ಲಿ ತಿದ್ದಲು ಹೋದರೆ ಹೊಸ ತಪ್ಪುಗಳೇ ಸೇರಿಕೊಳ್ಳುತ್ತವೆ. ನಿಮ್ಮಿಂದ ಶುರು ಮಾಡಿ ತಂದೆ-ತಾಯಿ, ಆಮೇಲೆ ನಾಲ್ವರು ಅಜ್ಜ-ಅಜ್ಜಿಯರು ಎಂದು ಒಂದೊಂದೇ ಮೆಟ್ಟಿಲು ಹತ್ತಿ. ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಆಧಾರ ಬರೆಯಿರಿ. ಅದು ಪಹಣಿಯಾಗಿರಬಹುದು, ಲಗ್ನಪತ್ರಿಕೆ, ಬಹಿಯ ಪುಟ ಅಥವಾ 'ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು' ಎಂಬ ಒಂದು ಸಾಲು. ಅದರೊಂದಿಗೆ ದಿನಾಂಕ ಇರಲಿ. ಎರಡು ಮೂಲಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಉಳಿಸಿಕೊಳ್ಳಿ, ಯಾವುದನ್ನು ಏಕೆ ನಂಬಿದಿರಿ ಎಂದು ಬರೆಯಿರಿ.

ಕೊನೆಯದಾಗಿ, ಕೆಲಸದ ಕ್ರಮದ ಬಗ್ಗೆ. ಫೈಲ್‌ನಲ್ಲಿರುವ ತಪ್ಪನ್ನು ಮುಂದಿನ ವರ್ಷವೂ ತಿದ್ದಬಹುದು. 1947ರ ರೈಲನ್ನು ಕಂಡ ಹಿರಿಯರು, ನಾಲ್ಕು ತಲೆಮಾರಿನ ಹೆಸರು ಬಾಯಲ್ಲೇ ಹೇಳುವ ಅಜ್ಜಿ ಅಷ್ಟು ದಿನ ಕಾಯಲಾರರು. ರಾಜಿಂದರ್ ನಗರದ ಕೋಣೆಯಿಂದಾದರೂ ಸರಿ, ಈ ವಾರ ಊರಿಗೆ ಮಾಡುವ ಫೋನಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ: 'ಅಜ್ಜಿ, ನಿಮ್ಮ ಅಮ್ಮನ ಹೆಸರೇನು? ಅವರ ತವರು ಯಾವೂರು?' ಅನುಮತಿ ಪಡೆದು ಉತ್ತರವನ್ನು ರೆಕಾರ್ಡ್ ಮಾಡಿಕೊಳ್ಳಿ. ಮರ್ಜ್ ಬಟನ್ ಆಮೇಲೆ ಒತ್ತಿದರಾಯಿತು.